ಇಂಗ್ಲಿಷ್ ಕಾಗದಕ್ಕೂ ಹೊತ್ತುಗೊತ್ತು ಬೇಕು

(ಸಂಘದ ಭಾನುವಾರದ ಇಂಗ್ಲಿಷ್ ಬರವಣಿಗೆಯ ತರಗತಿಯ ಆರಂಭದಲ್ಲಿ, ಮುಂಬಯಿಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ವಾರವೆಲ್ಲ ದುಡಿದು ದಣಿದವರು ತಾವು. ಸಿಕ್ಕುವ ಒಂದೇ ರಜೆಯ ದಿನವನ್ನು ಈ ಬೆಂಚುಗಳ ಮೇಲೆ ಕಳೆಯಲು ಬಂದಿದ್ದೀರಿ. ಅದಕ್ಕಾಗಿ ಮೊದಲು ತಮಗೆ ನನ್ನ ವಂದನೆ. ನಾನು ಪಂಡಿತನಲ್ಲ. ಹಗಲು ಒಂದು ಕಾರಖಾನೆಯ ಸ್ಟೋರ್ಸಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು. ಕಲಿತದ್ದಕ್ಕಿಂತ ತಪ್ಪು ಮಾಡಿ ತಿದ್ದಿಕೊಂಡದ್ದೇ ಹೆಚ್ಚು. ಆ ತಪ್ಪುಗಳ ಗಂಟನ್ನೇ ಇಂದು ತಮ್ಮ ಮುಂದೆ ಬಿಚ್ಚುತ್ತೇನೆ.

ಇಂಗ್ಲಿಷ್ ವ್ಯಾಕರಣವನ್ನೆಲ್ಲ ಒಂದು ಗಂಟೆಯಲ್ಲಿ ಹೇಳಿ ಮುಗಿಸುವ ಸಾಹಸ ನನ್ನದಲ್ಲ. ಒಂದೇ ಜಾತಿಯ ಶಬ್ದಗಳನ್ನು ಆರಿಸಿಕೊಂಡಿದ್ದೇನೆ. ಯಾವಾಗ? ಎಂದಿನಿಂದ? ಎಲ್ಲಿಯ ತನಕ? ಎಷ್ಟರೊಳಗೆ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಚಿಕ್ಕ ಚಿಕ್ಕ ಶಬ್ದಗಳು. ನಮ್ಮ ವ್ಯಾಕರಣದಲ್ಲಿ ಇಂಥವಕ್ಕೆ ಕಾಲವಾಚಕಗಳೆಂದು ಹೆಸರು. ಇಂಗ್ಲಿಷ್ ವ್ಯಾಕರಣಕಾರರು ಇವುಗಳಲ್ಲಿ ಕೆಲವನ್ನು ಆ್ಯಡ್ವರ್ಬ್ ಎಂದೂ ಕೆಲವನ್ನು ಪ್ರಿಪೊಸಿಷನ್ ಎಂದೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅರ್ಜಿ ಬರೆಯುವ ನಮಗೆ ಎಲ್ಲವೂ ಒಂದೇ ಪಂಕ್ತಿ.

ಇಷ್ಟೊಂದು ಶಬ್ದಗಳಿರುವಾಗ ಇವೇ ಏಕೆ ಎಂದು ಕೇಳಬಹುದು. ಕಾರ್ಮಿಕನು ಮಾರುವುದು ಏನನ್ನು, ಯೋಚಿಸಿ ನೋಡಿ. ತನ್ನ ಹೊತ್ತನ್ನು. ಎಂಟು ಗಂಟೆ, ಇಪ್ಪತ್ತಾರು ದಿನ, ಮೂವತ್ತು ವರ್ಷ. ಸಂಬಳ, ರಜೆ, ಓವರ್‌ಟೈಮ್, ಗ್ರಾಚ್ಯುಯಿಟಿ, ಎಲ್ಲವೂ ಹೊತ್ತಿನ ಲೆಕ್ಕ. ಈ ನಗರಕ್ಕೆ ಅದು ಚೆನ್ನಾಗಿ ಗೊತ್ತು. 1906ರ ಜನವರಿಯಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಜಾರಿಗೆ ಬಂದಾಗ ಇಲ್ಲಿಯ ಗಿರಣಿ ಕಾರ್ಮಿಕರು ಸಿಟ್ಟಿಗೆದ್ದು ಪ್ರತಿಭಟಿಸಿದರು. ಮುಂಬಯಿಯ ಹಳೆಯ ಗಡಿಯಾರ ಹೊಸದಕ್ಕಿಂತ 39 ನಿಮಿಷ ಹಿಂದಿತ್ತು. ಅಧಿಕಾರಿಗಳಿಗೆ ಅದು ಬರಿಯ ಮುಳ್ಳು ತಿರುಗಿಸುವ ಕೆಲಸ. ಕಾರ್ಮಿಕನಿಗೆ 39 ನಿಮಿಷದ ನಿದ್ದೆ. ಗಡಿಯಾರದ ಮುಳ್ಳಿನ ಬಗ್ಗೆ ಅಷ್ಟು ಎಚ್ಚರದಿಂದಿದ್ದ ನಾವು ಕಾಗದದಲ್ಲಿ ಬರೆಯುವ ಹೊತ್ತಿನ ಶಬ್ದದ ಬಗ್ಗೆ ಮಾತ್ರ ಉದಾಸೀನರಾಗಿದ್ದೇವೆ.

ನನ್ನ ಉದಾಸೀನ ನನಗೆ ಕಲಿಸಿದ ಪಾಠವನ್ನು ಮೊದಲು ಹೇಳಿಬಿಡುತ್ತೇನೆ.

1976ನೆಯ ಇಸವಿ ಜುಲೈ ತಿಂಗಳು. ತುರ್ತುಪರಿಸ್ಥಿತಿಯ ಕಾಲ. ಗೈರುಹಾಜರಿಯ ಮೇಲೆ ಮೇಲಿನವರ ಕಣ್ಣು ಕೆಂಪಾಗಿದ್ದ ದಿನಗಳು. ಚಾಳಿನ ಒಂದು ಖೋಲಿಯಲ್ಲಿ ನಾವು ಆರು ಜನ ಇದ್ದೆವು. ಅವರಲ್ಲಿ ಹಿರಿಯರು ಕುಂದಾಪುರ ಕಡೆಯ ಒಬ್ಬ ಫಿಟ್ಟರ್. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಊರಿನಿಂದ ತಾರು ಬಂತು: ತಾಯಿಗೆ ತೀರ ಜೋರು. ಕೊಂಕಣ ರೈಲು ಇನ್ನೂ ಇಲ್ಲದ ಕಾಲ. ಅಂದು ಸಂಜೆಯ ಬಸ್ಸನ್ನೇ ಹಿಡಿಯಬೇಕು. ಖೋಲಿಯಲ್ಲಿ ಇಂಗ್ಲಿಷ್ ಬಲ್ಲವನೆಂಬ ಹೆಸರು ನನ್ನದು. ರಜೆಯ ಅರ್ಜಿಯನ್ನು ನಾನೇ ಬರೆದೆ. ‘ಐ ವಿಲ್ ಬಿ ಆನ್ ಲೀವ್ ಟಿಲ್ ಮಂಡೇ’ ಎಂದು ಬರೆದು ಓದಿ ಹೇಳಿದೆ.

ಅಣ್ಣ ಕೇಳಿದರು: “ಸೋಮವಾರದ ತನಕ ಅಂತ ಬರೆದೆಯಲ್ಲ ಮಾರಾಯ, ಸೋಮವಾರ ಸೇರಿತಾ?”

“ಸೇರಿತು ಅಣ್ಣ. ಮಂಗಳವಾರ ಬೆಳಿಗ್ಗೆ ಬಂದರೆ ಸಾಕು” ಎಂದೆ.

ಅವರು ಊರು ಮುಟ್ಟಿದ ಮರುದಿನ ತಾಯಿ ತೀರಿಕೊಂಡರು. ಹದಿಮೂರರ ತನಕ ನಿಲ್ಲಲಿಲ್ಲ. ಉಳಿದ ಕ್ರಿಯೆಗಳನ್ನು ತಮ್ಮನಿಗೆ ಒಪ್ಪಿಸಿ, ರಜೆ ಮುಗಿಯುತ್ತದೆಂದು ಓಡಿಬಂದರು. ಸೋಮವಾರ ಸಂಜೆ ಬಸ್ಸಿನಿಂದ ಇಳಿದರು. ಮಂಗಳವಾರ ಮೊದಲ ಪಾಳಿಗೆ ಗೇಟಿಗೆ ಹೋದರೆ ಒಳಗೆ ಬಿಡಲಿಲ್ಲ. ಅಧಿಕಾರಿಗಳ ಓದಿನಲ್ಲಿ ‘ಟಿಲ್ ಮಂಡೇ’ ಎಂದರೆ ಸೋಮವಾರ ಬರುವ ತನಕ, ಸೋಮವಾರ ಹಾಜರಿರಬೇಕಾಗಿತ್ತು. ಅಪ್ಪಣೆಯಿಲ್ಲದ ಗೈರುಹಾಜರಿ ಎಂದು ನೋಟೀಸು ಬಂತು. ಆ ದಿನದ ಸಂಬಳ ಹೋಯಿತು, ತಿಂಗಳ ಹಾಜರಿ ಬೋನಸ್ಸು ಹೋಯಿತು, ಸೇವೆಯ ಫೈಲಿನಲ್ಲಿ ಒಂದು ಎಚ್ಚರಿಕೆಯ ಕಾಗದ ಉಳಿಯಿತು. ಅಣ್ಣ ನನಗೆ ಒಂದು ಕಟುಮಾತನ್ನೂ ಆಡಲಿಲ್ಲ. “ಹೋಗ್ಲಿ ಬಿಡು ಮಾರಾಯ, ನೀನೇನು ಬೇಕೂಂತ ಬರೆದದ್ದಲ್ಲವಲ್ಲ” ಎಂದರು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ.

ಆಮೇಲೆ ನಾನು ಬಲ್ಲವರನ್ನು ಕೇಳಿದೆ, ಪುಸ್ತಕ ನೋಡಿದೆ. ತಿಳಿದದ್ದು ಇಷ್ಟು: ‘ಟಿಲ್ ಮಂಡೇ’ ಎಂಬಲ್ಲಿ ಸೋಮವಾರ ಒಳಗೋ ಹೊರಗೋ ಎಂಬುದು ಇಂಗ್ಲಿಷರಿಗೇ ಸ್ಪಷ್ಟವಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಸಂಶಯ ಬರಬಾರದೆಂದಾಗ ‘ಅಪ್ ಟು ಆ್ಯಂಡ್ ಇನ್‌ಕ್ಲೂಡಿಂಗ್ ಮಂಡೇ’ ಎಂದು ಬಿಡಿಸಿ ಬರೆಯುತ್ತಾರೆ. ಅಮೆರಿಕದವರು ‘ಥ್ರೂ ಮಂಡೇ’ ಎನ್ನುತ್ತಾರೆ. ಅಂದರೆ ಸೋಮವಾರವೂ ಸೇರಿತು. ನಮ್ಮ ಸರಕಾರದ ಕಾಯಿದೆ ಬರೆಯುವವರಿಗೂ ಈ ತೊಡಕು ತಪ್ಪಿದ್ದಲ್ಲ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಎಂಬ ಕಾಯಿದೆಯ 9ನೆಯ ಕಲಮಿನಲ್ಲಿ ಇದಕ್ಕಾಗಿಯೇ ಒಂದು ನಿಯಮವಿದೆ. ಕೇಂದ್ರದ ಕಾಯಿದೆಗಳಲ್ಲಿ ಅವಧಿಯ ಮೊದಲ ದಿನವನ್ನು ಬಿಟ್ಟು ಎಣಿಸಲು ‘ಫ್ರಮ್’ ಎಂಬ ಶಬ್ದ ಸಾಕು. ಕೊನೆಯ ದಿನವನ್ನು ಸೇರಿಸಿ ಎಣಿಸಲು ‘ಟು’ ಎಂಬ ಶಬ್ದ ಸಾಕು. ಕಾಯಿದೆ ಬರೆಯುವ ಬ್ಯಾರಿಸ್ಟರುಗಳೇ ಎರಡು ಪುಟ್ಟ ಶಬ್ದಗಳಿಗೆ ಇಷ್ಟು ಕಾವಲು ಹಾಕಿದ್ದಾರೆ. ನಮ್ಮ ಖಾಸಗಿ ಅರ್ಜಿಗೆ ಆ ಕಾವಲೂ ಇಲ್ಲ. ನಾವೇ ಹಾಕಿಕೊಳ್ಳಬೇಕು.

ಅಂದು ನಾನು ಬರೆಯಬೇಕಾಗಿದ್ದದ್ದು ಹೀಗೆ: ‘ಐ ರಿಕ್ವೆಸ್ಟ್ ಲೀವ್ ಫ್ರಮ್ ಮಂಡೇ, 5 ಜುಲೈ, ಟು ಮಂಡೇ, 12 ಜುಲೈ, ಬೋತ್ ಡೇಸ್ ಇನ್‌ಕ್ಲೂಸಿವ್. ಐ ಶಲ್ ರಿಪೋರ್ಟ್ ಫಾರ್ ಡ್ಯೂಟಿ ಆನ್ ಟ್ಯೂಸ್‌ಡೇ, 13 ಜುಲೈ.’ ವಾರ, ತಾರೀಖು, ‘ಎರಡೂ ದಿನ ಸೇರಿ’ ಎಂಬ ಮಾತು, ಮರಳಿ ಬರುವ ದಿನ, ನಾಲ್ಕೂ ಇದ್ದರೆ ನಾಲ್ಕು ಮೊಳೆ ಹೊಡೆದ ಹಾಗೆ. ತಮ್ಮ ನೋಟುಬುಕ್ಕಿನ ಮೊದಲ ಪುಟದಲ್ಲಿ ದಯವಿಟ್ಟು ಇದನ್ನು ಬರೆದುಕೊಳ್ಳಿ.

‘ಟಿಲ್’ ಜೊತೆಗೆ ಕಾದಾಡುವ ಇನ್ನೊಂದು ಶಬ್ದ ‘ಬೈ’. ಕನ್ನಡದಲ್ಲಿ ನಮಗೆ ಈ ಭೇದ ಹುಟ್ಟಿನಿಂದಲೇ ಗೊತ್ತು. ‘ಶನಿವಾರದ ವರೆಗೆ’ ಬೇರೆ, ‘ಶನಿವಾರದೊಳಗೆ’ ಬೇರೆ. ವರೆಗೆ ಎಂದರೆ ಕೆಲಸ ಎಳೆದುಕೊಂಡು ಹೋಗುತ್ತದೆ. ಒಳಗೆ ಎಂದರೆ ಕೆಲಸ ಮುಗಿಯುತ್ತದೆ. ವರೆಗೆ ಎಂಬುದಕ್ಕೆ ‘ಟಿಲ್’, ಒಳಗೆ ಎಂಬುದಕ್ಕೆ ‘ಬೈ’. ಇಷ್ಟು ಸುಲಭ. ಆದರೂ ಇಂಗ್ಲಿಷಿಗೆ ಬಂದೊಡನೆ ನಾವು ಎಲ್ಲಕ್ಕೂ ‘ಟಿಲ್’ ಹಾಕುತ್ತೇವೆ. ಅದರ ಫಲವೇನು? ಒಂದು ಬೇಡಿಕೆಯ ಪತ್ರದಲ್ಲಿ ‘ಪ್ಲೀಸ್ ಪೇ ದ ಅರಿಯರ್ಸ್ ಟಿಲ್ 30 ಜೂನ್’ ಎಂದು ಬರೆದೆವೆನ್ನಿ. ಜೂನ್ 30ರೊಳಗೆ ಬಾಕಿ ಕೊಡಿ ಎಂಬುದು ನಮ್ಮ ಮನಸ್ಸಿನಲ್ಲಿ. ಓದುವವನಿಗೆ ಕಾಣುವುದು ಜೂನ್ 30ರ ವರೆಗಿನ ಬಾಕಿ ಕೊಡಿ ಎಂದು. ಯಾವಾಗ ಕೊಡಬೇಕೆಂಬ ಗಡುವೇ ಆ ಪತ್ರದಲ್ಲಿಲ್ಲ! ಜುಲೈ ತಿಂಗಳಿನ ಬಾಕಿಯನ್ನು ನಾವೇ ಬಿಟ್ಟುಕೊಟ್ಟ ಹಾಗೂ ಆಯಿತು. ‘ಬೈ 30 ಜೂನ್’ ಎಂದರೆ ಗಡುವು; ‘ಅಪ್ ಟು 30 ಜೂನ್’ ಎಂದರೆ ಲೆಕ್ಕದ ಅಂಚು. ಎರಡೂ ಬೇಕಿದ್ದರೆ ಎರಡನ್ನೂ ಬರೆಯಿರಿ.

ಈಗ ‘ಸಿನ್ಸ್’ ಮತ್ತು ‘ಫಾರ್’ ಎಂಬ ಜೋಡಿ. ಇಲ್ಲಿ ನಾವು ಎಡವುವುದಕ್ಕೆ ನಮ್ಮ ಭಾಷೆಯೇ ಕಾರಣ, ಅದು ಅವಮಾನದ ಮಾತಲ್ಲ. ನಾವು ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಇಂದ’ ಎಂಬ ಒಂದೇ ಬಾಲ. ಈ ಊರಿನ ಹಿಂದಿಯಲ್ಲಿಯೂ ಎರಡಕ್ಕೂ ‘ಸೇ’ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಆರಂಭದ ಗೂಟವನ್ನು ತೋರಿಸಿದರೆ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ 2019. ನಡುವಿನ ಹಗ್ಗದ ಉದ್ದವನ್ನು ಹೇಳಿದರೆ ‘ಫಾರ್’: ಫಾರ್ ತ್ರೀ ಡೇಸ್, ಫಾರ್ ಫೈವ್ ಇಯರ್ಸ್. ಗೂಟಕ್ಕೆ ಸಿನ್ಸ್, ಹಗ್ಗಕ್ಕೆ ಫಾರ್. ಹಸು ಕಟ್ಟಿದವರಿಗೆ ಇದು ಮರೆಯಲಾರದು.

‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ಬರೆಯುತ್ತೇವೆ. ಇದು ತಪ್ಪು, ಆದರೆ ಅರ್ಥವಾದರೂ ಆಗುತ್ತದೆ. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ತಪ್ಪನ್ನು ತಿದ್ದಲು ಹೋಗಿ ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದು ಬರೆದೆವೋ, ‘ಐದು ವರ್ಷ ಕೆಲಸ ಮಾಡಿದ್ದೆ, ಈಗ ಇಲ್ಲ’ ಎಂದು ನಾವೇ ಒಪ್ಪಿಕೊಂಡ ಹಾಗಾಯಿತು. ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದರೆ ಐದು ವರ್ಷದಿಂದ ಇದ್ದೇನೆ, ಇಂದೂ ಇದ್ದೇನೆ. ನಡುವೆ ‘ಹ್ಯಾವ್’ ಎಂಬ ಒಂದು ಶಬ್ದ. ಬದಲಿ ಕಾರ್ಮಿಕನ ಪಾಲಿಗೆ ಅದು ಹೊಸ್ತಿಲು: ಅದರ ಒಳಗೆ ನೌಕರಿ, ಹೊರಗೆ ಬೀದಿ. ಸೇವೆಯ ನಿರಂತರತೆಯನ್ನು ಅಳೆಯುವ ಕಾಯಿದೆಗಳನ್ನು ನೆನೆಯಿರಿ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಹನ್ನೆರಡು ತಿಂಗಳಲ್ಲಿ 240 ದಿನಗಳ ಲೆಕ್ಕವಿತ್ತು. 1972ರ ಗ್ರಾಚ್ಯುಯಿಟಿ ಕಾಯಿದೆ ಐದು ವರ್ಷಗಳ ಅಳತೆಗೋಲನ್ನು ಇಟ್ಟಿತು. ಅಳತೆಗೋಲು ಹಿಡಿದವನ ಮುಂದೆ ಸಡಿಲ ಮಾತು ನಡೆಯದು.

ಇವುಗಳ ನೆರೆಮನೆಯವರು ‘ಆಗೋ’ ಮತ್ತು ‘ಬಿಫೋರ್’. ಇಂದಿನಿಂದ ಹಿಂದಕ್ಕೆ ಎಣಿಸಿದರೆ ‘ಆಗೋ’. ಬೇರೊಂದು ಘಟನೆಯಿಂದ ಹಿಂದಕ್ಕೆ ಎಣಿಸಿದರೆ ‘ಬಿಫೋರ್’. ‘ಎರಡು ವರ್ಷದ ಹಿಂದೆ ಸೇರಿದೆ’, ‘ಮದುವೆಗೆ ಎರಡು ವರ್ಷ ಮುಂಚೆ ಸೇರಿದೆ’ ಎಂದು ನಾವು ಕನ್ನಡದಲ್ಲಿ ಸರಿಯಾಗಿಯೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ‘ಟೂ ಇಯರ್ಸ್ ಬಿಫೋರ್ ಐ ಜಾಯಿನ್ಡ್’ ಎಂದು ಬರೆದು, ‘ನಾನು ಸೇರುವುದಕ್ಕೆ ಎರಡು ವರ್ಷ ಮುಂಚೆ’ ಎಂದು ಓದಿಸುತ್ತೇವೆ. ಓದುವವನು ಮುಂದೇನೆಂದು ಕಾಯುತ್ತಾನೆ. ಮುಂದೆ ಏನೂ ಇಲ್ಲ. ‘ಐ ಜಾಯಿನ್ಡ್ ಟೂ ಇಯರ್ಸ್ ಆಗೋ’ ಎಂದರೆ ಮುಗಿಯಿತು.

ಇನ್ನು ‘ನಿನ್ನೆ’. ‘ಐ ಹ್ಯಾವ್ ಸಬ್ಮಿಟೆಡ್ ದ ಬಿಲ್ ಯೆಸ್ಟರ್ಡೇ’ ಎಂದು ಬರೆಯುತ್ತೇವೆ. ‘ಐ ಹ್ಯಾಡ್ ಕಮ್ ಯೆಸ್ಟರ್ಡೇ’ ಎಂದೂ ಬರೆಯುತ್ತೇವೆ. ಎರಡನೆಯದು ಎಲ್ಲಿಂದ ಬಂತೆಂದು ಬಲ್ಲಿರಾ? ‘ನಿನ್ನೆ ಬಂದಿದ್ದೆ’ ಎಂಬ ನಮ್ಮ ಕನ್ನಡದಿಂದ. ಬಂದಿದ್ದೆ ಎಂಬುದು ನಮಗೆ ಬಹಳ ಸಹಜ. ಬಂದೆ, ನೀವು ಸಿಗಲಿಲ್ಲ, ಹೋದೆ, ಇದೆಲ್ಲ ಅದರಲ್ಲಿ ಅಡಗಿದೆ. ಇಂಗ್ಲಿಷಿನ ‘ಹ್ಯಾಡ್’ ಅಷ್ಟು ಉದಾರಿಯಲ್ಲ. ಎರಡು ಹಳೆಯ ಘಟನೆಗಳಿದ್ದು, ಅವುಗಳಲ್ಲಿ ಮೊದಲು ನಡೆದದ್ದನ್ನು ತೋರಿಸಬೇಕಾದಾಗ ಅದು ಕೆಲಸಕ್ಕೆ ಬರುತ್ತದೆ. ನೆನಪಿಗೆ ಒಂದೇ ಸೂತ್ರ: ಯೆಸ್ಟರ್ಡೇ, ಆಗೋ, ಲಾಸ್ಟ್ ವೀಕ್, ಇಂಥ ತಾರೀಖು ಎಂಬ ಮುಗಿದ ಹೊತ್ತಿನ ಶಬ್ದ, ‘ಸಿನ್ಸ್’ನ ಜೊತೆಗಿಲ್ಲದೆ ಒಂಟಿಯಾಗಿ ಬಂದರೆ, ‘ಹ್ಯಾವ್’ ಬೇಡ. ‘ಐ ಸಬ್ಮಿಟೆಡ್ ದ ಬಿಲ್ ಯೆಸ್ಟರ್ಡೇ.’ ‘ಐ ಕೇಮ್ ಯೆಸ್ಟರ್ಡೇ.’ ಸರಳವಾದದ್ದೇ ಸರಿಯಾದದ್ದು.

ಬಂಧುಗಳೆ, ಈಗ ನನಗೆ ಬಹಳ ಪ್ರಿಯವಾದ ಮೂರು ಶಬ್ದಗಳಿಗೆ ಬರುತ್ತೇನೆ: ‘ಆಲ್ರೆಡಿ’, ‘ಯೆಟ್’, ‘ಸ್ಟಿಲ್’. ಕನ್ನಡದಲ್ಲಿ ‘ಆಗಲೇ’ ಒಂದು, ‘ಇನ್ನೂ’ ಒಂದು. ಅವರು ಆಗಲೇ ಬಂದರು. ಇವರು ಇನ್ನೂ ಬಂದಿಲ್ಲ. ಮಳೆ ಇನ್ನೂ ಸುರಿಯುತ್ತಿದೆ. ನಮ್ಮ ಒಂದು ‘ಇನ್ನೂ’ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. ಆಗಬೇಕಾದದ್ದು ಆಗಿಲ್ಲ ಎಂಬಲ್ಲಿ ‘ಯೆಟ್’, ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ. ನಿಲ್ಲಬೇಕಾದದ್ದು ನಿಂತಿಲ್ಲ ಎಂಬಲ್ಲಿ ‘ಸ್ಟಿಲ್’, ಕ್ರಿಯೆಯ ಹತ್ತಿರ, ವಾಕ್ಯದ ನಡುವೆ. ಪ್ರಾಸಂಗಿಕವಾಗಿ ಒಂದು ಮಾತು: ಕನ್ನಡದಲ್ಲಿಯೂ ‘ಇನ್ನು’ ಎಂದು ಮೊಟಕಾಗಿ ಬರೆದರೆ ಇನ್ನುಮುಂದೆ ಎಂದರ್ಥ, ‘ಇನ್ನೂ’ ಎಂದು ಎಳೆದರೆ ಇಲ್ಲಿಯವರೆಗೂ ಎಂದರ್ಥ. ನಮ್ಮ ಗೋಡೆಯ ಬೋರ್ಡುಗಳಲ್ಲಿಯೇ ಇವು ಅದಲುಬದಲಾಗುತ್ತಿವೆ. ತಾಯಿನುಡಿಯಲ್ಲಿ ದೀರ್ಘ ಹ್ರಸ್ವ ನೋಡದವನು ಪರನುಡಿಯಲ್ಲಿ ನೋಡಿಯಾನೆ?

ಈ ಮೂರನ್ನು ಒಂದೇ ದೂರಿನಲ್ಲಿ ಸೇರಿಸಿ ನೋಡಿ. ಬಾಯ್ಲರ್ ಕೋಣೆಯ ಒಂದು ವಾಲ್ವ್ ಸೋರುತ್ತಿದೆ. ‘ಐ ಹ್ಯಾವ್ ಆಲ್ರೆಡಿ ರಿಪೋರ್ಟೆಡ್ ದಿಸ್ ಲೀಕ್. ಇಟ್ ಹ್ಯಾಸ್ ನಾಟ್ ಬೀನ್ ರಿಪೇರ್ಡ್ ಯೆಟ್. ದ ವಾಲ್ವ್ ಈಸ್ ಸ್ಟಿಲ್ ಲೀಕಿಂಗ್.’ ಮೊದಲ ವಾಕ್ಯ: ನನ್ನ ಕರ್ತವ್ಯ ನಾನು ಮಾಡಿದ್ದೇನೆ. ಎರಡನೆಯದು: ನಿಮ್ಮ ಕರ್ತವ್ಯ ನೀವು ಮಾಡಿಲ್ಲ. ಮೂರನೆಯದು: ಅಪಾಯ ಇದೀಗಲೂ ಇದೆ. ಮೂರು ಪುಟ್ಟ ವಾಕ್ಯಗಳಲ್ಲಿ ಪೂರ್ತಿ ಮೊಕದ್ದಮೆ ನಿಂತಿದೆ, ಒಂದು ಗಡಸು ಮಾತಿಲ್ಲ. ಇನ್ನೊಂದೇ ಕೊರತೆ. ‘ಆಲ್ರೆಡಿ’ ಎಂದರೆ ಯಾವಾಗ? ಮುಂದೆ ತನಿಖೆ ನಡೆದರೆ ಮೊದಲ ಪ್ರಶ್ನೆಯೇ ಅದು. ಆದುದರಿಂದ ನಾಲ್ಕನೆಯ ವಾಕ್ಯ ಸೇರಿಸಿ: ‘ಐ ಫಸ್ಟ್ ರಿಪೋರ್ಟೆಡ್ ಇಟ್ ಆನ್ 3 ಮಾರ್ಚ್, ಅಟ್ 10.30 ಎ.ಎಂ.’ ಹೊತ್ತಿನ ಶಬ್ದ ಎಷ್ಟು ಚೆನ್ನಾಗಿದ್ದರೂ ತಾರೀಖಿಗೆ ಸಮನಲ್ಲ.

ರಾತ್ರಿ ಪಾಳಿಯವರಿಗೆ ಒಂದು ವಿಶೇಷ ಮಾತು. ‘ಇವತ್ತು ಬೆಳಿಗ್ಗೆ’, ‘ನಿನ್ನೆ ರಾತ್ರಿ’ ಎಂಬುದನ್ನು ನಾವು ‘ಟುಡೇ ಮಾರ್ನಿಂಗ್’, ‘ಯೆಸ್ಟರ್ಡೇ ನೈಟ್’ ಎಂದು ಅಚ್ಚು ಹಾಕುತ್ತೇವೆ. ಇಂಗ್ಲಿಷಿನ ರೂಢಿ ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’. ಅದು ರೂಢಿಯ ಮಾತಾಯಿತು; ಯಾರೂ ಅದಕ್ಕಾಗಿ ಸಂಬಳ ಕಡಿಯುವುದಿಲ್ಲ. ನಿಜವಾದ ತೊಡಕು ಬೇರೆ. 15ನೆಯ ತಾರೀಖು ರಾತ್ರಿ 11ಕ್ಕೆ ಪಾಳಿ ಹತ್ತಿದಿರಿ. ರಾತ್ರಿ ಒಂದೂವರೆಗೆ ಬೆರಳಿಗೆ ಪೆಟ್ಟಾಯಿತು. ನಮ್ಮ ಲೆಕ್ಕದಲ್ಲಿ ಕೋಳಿ ಕೂಗುವ ತನಕ ಅದು 15ರ ರಾತ್ರಿಯೇ. ಗಡಿಯಾರದ ಲೆಕ್ಕದಲ್ಲಿ ಅದು 16. ಅಪಘಾತದ ವರದಿಯಲ್ಲಿ ‘ಆನ್ 15ತ್ ನೈಟ್ ಅಟ್ 1.30’ ಎಂದು ಬರೆದರೆ, ತಾರೀಖನ್ನು ಹಿಡಿದು ನೋಡುವವನಿಗೆ ಅದು 15ರ ಬೆಳಗಿನ ಜಾವ. ಆ ಹೊತ್ತಿಗೆ ನೀವು ಪಾಳಿಯಲ್ಲೇ ಇರಲಿಲ್ಲವಲ್ಲ! ನಡುರಾತ್ರಿಯ ನಂತರದ ರೈಲಿಗೆ ಹೀಗೆಯೇ ಒಂದು ದಿನ ತಡವಾಗಿ ಸ್ಟೇಷನ್ನಿಗೆ ಹೋದವರು ಈ ಸಭೆಯಲ್ಲಿಯೂ ಇರಬಹುದು. ರೈಲ್ವೆಯವರು 24 ಗಂಟೆಯ ಗಡಿಯಾರ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. 00.20 ಎಂದರೆ ಹೊಸ ದಿನ ಹುಟ್ಟಿ ಇಪ್ಪತ್ತು ನಿಮಿಷ. ತಾವೂ ಹಾಗೆಯೇ ಬರೆಯಿರಿ: ‘ಅಟ್ 01.30 ಅವರ್ಸ್ ಆನ್ 16 ಮಾರ್ಚ್, ಇನ್ ದ ನೈಟ್ ಶಿಫ್ಟ್ ದಟ್ ಬಿಗ್ಯಾನ್ ಆನ್ 15 ಮಾರ್ಚ್.’ ಉದ್ದವಾಯಿತು, ನಿಜ. ಆಸ್ಪತ್ರೆಯ ಖರ್ಚಿಗಾಗಿ ಅಲೆಯುವ ದಾರಿ ಇದಕ್ಕಿಂತ ಉದ್ದ.

‘ನೆವರ್’ ಮತ್ತು ‘ಆಲ್ವೇಸ್’. ಇವು ದೊಡ್ಡ ಶಬ್ದಗಳು. ಚಿಕ್ಕ ಕೆಲಸಕ್ಕೆ ಕರೆಯಬಾರದು. ಆಪಾದನೆ ಪತ್ರಕ್ಕೆ ಉತ್ತರ ಬರೆಯುವಾಗ ಸಿಟ್ಟಿನಲ್ಲಿ ‘ಐ ನೆವರ್ ಕೇಮ್ ಲೇಟ್’ ಎನ್ನುತ್ತೇವೆ. ಅಂದು ತಡವಾಗಲಿಲ್ಲ ಎಂಬುದಷ್ಟೇ ನಮ್ಮ ಅರ್ಥ. ಇಂಗ್ಲಿಷಿನಲ್ಲಿ ಅದು ಜನ್ಮದಲ್ಲೇ ತಡಮಾಡಿದವನಲ್ಲ ಎಂಬ ಪ್ರತಿಜ್ಞೆ. ಎಂಟು ವರ್ಷದ ಹಿಂದೆ ಮಳೆಗಾಲದಲ್ಲಿ ಲೋಕಲ್ ನಿಂತು ಹತ್ತು ನಿಮಿಷ ತಡವಾದದ್ದನ್ನು ಹಾಜರಿ ಪುಸ್ತಕದಿಂದ ಹೊರತೆಗೆದರೆ ಸಾಕು, ತಾವು ಸುಳ್ಳುಗಾರರಾಗುತ್ತೀರಿ. ‘ಐ ಡಿಡ್ ನಾಟ್ ಕಮ್ ಲೇಟ್ ಆನ್ ದಟ್ ಡೇ’ ಎನ್ನಿ. ಕೇಳಿದಷ್ಟಕ್ಕೆ ಉತ್ತರ, ರುಜುವಾತು ಮಾಡಬಹುದಾದಷ್ಟೇ ಮಾತು.

ಇಲ್ಲಿಯವರೆಗೆ ನಾವು ಬರೆಯುವ ಶಬ್ದಗಳಾದವು. ನಮಗೆ ಬರುವ ಕಾಗದಗಳಲ್ಲಿರುವ ಶಬ್ದಗಳನ್ನೂ ನೋಡಬೇಡವೆ? ‘ಸೂನ್’, ‘ಶಾರ್ಟ್ಲಿ’, ‘ಇನ್ ಡ್ಯೂ ಕೋರ್ಸ್’, ‘ಪ್ರೆಸೆಂಟ್ಲಿ’. ಈ ‘ಸೂನ್’ ಶಬ್ದದ ಕಥೆ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ತಕ್ಷಣ’ ಎಂದರ್ಥವಿತ್ತು. ‘ಪ್ರೆಸೆಂಟ್ಲಿ’ ಎಂಬುದಕ್ಕೂ ಒಂದು ಕಾಲಕ್ಕೆ ತಕ್ಷಣ ಎಂದೇ ಅರ್ಥ. ‘ಬೈ ಆ್ಯಂಡ್ ಬೈ’ ಎಂಬುದೂ ಅದೇ. 1611ರ ಇಂಗ್ಲಿಷ್ ಬೈಬಲಿನಲ್ಲಿ ಅದು ಆ ಅರ್ಥದಲ್ಲಿಯೇ ಇದೆ. ತಕ್ಷಣ ತಕ್ಷಣ ಎನ್ನುತ್ತ ಜನ ತಡಮಾಡಿದರು. ಪಾಪ, ಶಬ್ದಗಳು ಸೋತುಹೋಗಿ ‘ಇನ್ನೊಂದಿಷ್ಟು ಹೊತ್ತಿನಲ್ಲಿ’ ಎಂಬ ಅರ್ಥಕ್ಕೆ ಇಳಿದವು. ನಾವು ನಗಬೇಕಾಗಿಲ್ಲ. ನಮ್ಮ ಹೋಟೆಲಿನ ಮಾಣಿಯನ್ನು ಕರೆದರೆ ಒಳಗಿನಿಂದಲೇ ‘ಬಂದೆ, ಬಂದೆ’ ಎನ್ನುತ್ತಾನೆ. ಆಗಲೇ ಬಂದುಬಿಟ್ಟವನ ಹಾಗೆ ಭೂತಕಾಲ! ಇಡ್ಲಿ ಬರುವುದು ಮಾತ್ರ ಭವಿಷ್ಯತ್ ಕಾಲದಲ್ಲಿ.

ಹೀಗಿರುವಲ್ಲಿ ‘ಯುವರ್ ಕೇಸ್ ವಿಲ್ ಬಿ ಡಿಸೈಡೆಡ್ ಸೂನ್’ ಎಂಬ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಸಂತೋಷಪಡಬಾರದು. ವಿನಯದಿಂದಲೇ ಮರುಪತ್ರ ಬರೆಯಬೇಕು: ‘ಕೈಂಡ್ಲಿ ಲೆಟ್ ಮಿ ನೋ ದ ಡೇಟ್ ಬೈ ವಿಚ್ ಎ ಡಿಸಿಷನ್ ವಿಲ್ ಬಿ ಟೇಕನ್.’ ‘ಸೂನ್’ಗೆ ಮದ್ದು ‘ಬೈ’. ‘ಪ್ರೆಸೆಂಟ್ಲಿ’ ಶಬ್ದವನ್ನಂತೂ ತಾವು ಬಳಸಲೇಬೇಡಿ. ಒಬ್ಬರು ಅದನ್ನು ಈಗ ಎಂದು ಓದುತ್ತಾರೆ, ಇನ್ನೊಬ್ಬರು ಸ್ವಲ್ಪ ಹೊತ್ತಿನಲ್ಲಿ ಎಂದು ಓದುತ್ತಾರೆ. ‘ನೌ’ ಎಂಬ ಮೂರಕ್ಷರದ ಶಬ್ದ ಸಾಕು.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ನೆಕ್ಸ್ಟ್ ಫ್ರೈಡೇ’ ಎಂದರೆ ಬರುವ ಶುಕ್ರವಾರವೋ, ಅದರಾಚೆಯದೋ ಎಂಬ ಜಗಳ ಇಂಗ್ಲಿಷರ ಮನೆಯಲ್ಲಿಯೂ ಇದೆ, ತಾರೀಖು ಬರೆಯಿರಿ. ‘ಬೈವೀಕ್ಲಿ’ ಎಂದರೆ ವಾರಕ್ಕೆ ಎರಡು ಸಲ ಎಂದೂ ಎರಡು ವಾರಕ್ಕೊಮ್ಮೆ ಎಂದೂ ಎರಡರ್ಥ. ‘ಟ್ವೈಸ್ ಎ ವೀಕ್’ ಅಥವಾ ‘ಎವ್ರಿ ಟೂ ವೀಕ್ಸ್’ ಎಂದು ಬಿಡಿಸಿ ಬರೆಯಿರಿ. 5/7 ಎಂಬುದು ನಮಗೆ ಜುಲೈ 5, ಅಮೆರಿಕದವರಿಗೆ ಮೇ 7. ಹಡಗಿನ ಕೆಲಸದವರು, ಹೊರದೇಶದ ಕಂಪನಿಗಳ ಕೆಲಸ ಮಾಡುವ ಹುಡುಗರು ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯುವುದು ಕ್ಷೇಮ.

‘ಈಗ ಯಾರು ಅರ್ಜಿ ಬರೆಯುತ್ತಾರೆ? ಎಲ್ಲ ಮೊಬೈಲಿನಲ್ಲಿಯೇ ಆಯಿತಲ್ಲ’ ಎಂದು ತರುಣರು ಹೇಳುತ್ತಾರೆ. ತಾರಿನ ಸೇವೆಯೂ 2013ರಲ್ಲಿ ಮುಚ್ಚಿತು, ಒಪ್ಪಿದೆ. ಆದರೆ ಮೊಬೈಲಿನಲ್ಲಿ ಕಳಿಸಿದ ಎರಡು ಸಾಲೂ ಬರವಣಿಗೆಯೇ. ಬಾಯಿಮಾತಿನ ಹಾಗೆ ಅದು ಗಾಳಿಯಲ್ಲಿ ಹೋಗುವುದಿಲ್ಲ. ರಾತ್ರಿ 11.50ಕ್ಕೆ ‘ವಿಲ್ ಕಮ್ ಟುಮಾರೋ’ ಎಂದು ಕಳಿಸಿದಿರಿ. ಮೇಸ್ತ್ರಿ ಅದನ್ನು ಬೆಳಿಗ್ಗೆ ಆರಕ್ಕೆ ಓದಿದ. ಅವನ ‘ನಾಳೆ’ ಯಾವುದು? ಹಿಂದಿಯಲ್ಲಿ ಕಳಿಸಿದರಂತೂ ‘ಕಲ್’ ಎಂಬುದು ನಿನ್ನೆಯೂ ಹೌದು, ನಾಳೆಯೂ ಹೌದು. ಬರೆಯುವವನ ಇಂದು ಓದುವವನ ಇಂದು ಆಗಿರಲೇಬೇಕೆಂದಿಲ್ಲ. ಇದೊಂದು ತಿಳಿವಳಿಕೆ ಇದ್ದರೆ ಇಂದಿನ ನನ್ನ ಮಾತಿನ ಅರ್ಧ ಭಾಗ ಮರೆತರೂ ಚಿಂತೆಯಿಲ್ಲ.

ಬಂಧುಗಳೆ, ನಮಗೆ ಇಂಗ್ಲಿಷ್ ಬಾರದೆಂದು ಕುಗ್ಗುವ ಕಾರಣವಿಲ್ಲ. ಹೊತ್ತಿನ ಸೂಕ್ಷ್ಮ ಕನ್ನಡಿಗನಿಗೆ ಹೊಸದಲ್ಲ. ಏಳುನೂರು ವರ್ಷಗಳಿಗೂ ಹಿಂದೆ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ವರೆಗೆ, ಒಳಗೆ, ಹಿಂದೆ, ಮುಂಚೆ, ಆಗಲೇ, ಇನ್ನೂ, ಇವೆಲ್ಲ ನಮ್ಮ ನಾಲಗೆಯ ಮೇಲೆಯೇ ಇವೆ. ಬರೆಯುವ ಮುನ್ನ ಒಂದು ಸಲ ಕನ್ನಡದಲ್ಲಿ ಮನಸ್ಸಿನೊಳಗೆ ಸರಿಯಾಗಿ ಹೇಳಿಕೊಳ್ಳಿ. ತಕ್ಕ ಇಂಗ್ಲಿಷ್ ಶಬ್ದವನ್ನು ಹುಡುಕಿ. ಕೊನೆಗೆ, ಎಷ್ಟೇ ಗೊತ್ತಿದ್ದರೂ, ವಾರವನ್ನೂ ತಾರೀಖನ್ನೂ ಗಂಟೆಯನ್ನೂ ಸೇರಿಸಿ.

ಅಣ್ಣ ಸೇವೆ ಮುಗಿಸಿ ಊರಿಗೆ ಹೋದರು. ಹೋಗುವ ಮೊದಲು ನನ್ನ ಕೈಯಲ್ಲಿಯೇ ಇನ್ನೊಂದು ಇಂಗ್ಲಿಷ್ ಕಾಗದ ಬರೆಸಿದರು, ಭವಿಷ್ಯನಿಧಿಯ ಹಣಕ್ಕಾಗಿ. ಬರೆದು ಓದಿ ಹೇಳಿದೆ. ಅವರು ನಕ್ಕು, “ತಾರೀಖು ಹಾಕಿದೆಯಾ ಮಾರಾಯ?” ಎಂದರು. ಎರಡು ಕಡೆ ಹಾಕಿದ್ದೆ. ತೋರಿಸಿದೆ.

ಇದೇ ತರಗತಿಯಲ್ಲಿ ಮುಂದಿನ ಪಾಠ ಭಾನುವಾರ. ಯಾವ ಭಾನುವಾರ, ಎಷ್ಟು ಗಂಟೆಗೆ ಎಂಬುದನ್ನು ಕಾರ್ಯದರ್ಶಿಗಳು ಕರಿಹಲಗೆಯ ಮೇಲೆ ತಾರೀಖು ಸಹಿತ ಬರೆದಿದ್ದಾರೆ. ಬರುವಾಗ ಒಬ್ಬೊಬ್ಬರೂ ತಾವು ಬರೆದ ಒಂದು ಹಳೆಯ ಅರ್ಜಿಯನ್ನು ತನ್ನಿ. ತಪ್ಪುಗಳನ್ನು ಸೇರಿ ತಿದ್ದೋಣ. ನನ್ನದೂ ಒಂದಿದೆ, ಅದರಿಂದಲೇ ಆರಂಭಿಸುತ್ತೇನೆ.